ಒಗೆಯುವ ಕೋಣೆಯಿಂದ ಒಂದು ಠರಾವು

ಪ್ವೆಂತ್ ರೋಜ್, ಹೈಟಿ
22 ಮಾರ್ಚ್ 1998

ಪ್ರೀತಿಯ ಕೋಮೆ ಬೆರಿಲ್,

ನನ್ನ ಮಗಳು ನಾದೆಜ್ ಹುಟ್ಟಿದಾಗ ಅವಳನ್ನು ಮೊದಲು ಕೈಗೆತ್ತಿಕೊಂಡ ಸೂಲಗಿತ್ತಿ ನೀನು. ಆಮೇಲೆ ಚರ್ಚಿನಲ್ಲಿ ಧರ್ಮತಾಯಿಯಾಗಿ ಅವಳನ್ನು ಎತ್ತಿ ಹಿಡಿದವಳೂ ನೀನೇ. ಅಂದಿನಿಂದ ಎಂಟು ವರ್ಷ ತಾಯಿ-ಧರ್ಮತಾಯಿಯರ ರೂಢಿಯಂತೆ ಒಬ್ಬರನ್ನೊಬ್ಬರು ಕೋಮೆ ಎಂದು ಕರೆದುಕೊಂಡು ಬಂದಿದ್ದೇವೆ. ಆದ್ದರಿಂದ ಸುತ್ತಿ ಬಳಸಿ ಬರೆಯುವುದಿಲ್ಲ. ನಮ್ಮ ಹೆರಿಗೆ ಆಸ್ಪತ್ರೆಯನ್ನು ಮುಚ್ಚುತ್ತಾರಂತೆ.

ಸೋಮವಾರ ಡಾಕ್ಟರ್ ಗುಸ್ತಾವ್ ಎಲ್ಲರನ್ನೂ ಮಾವಿನ ಮರದ ಕೆಳಗೆ ಸೇರಿಸಿದರು. ಕೈಯಲ್ಲಿ ಒಂದೇ ಒಂದು ಕಾಗದ. ನಮ್ಮ ಆಸ್ಪತ್ರೆ ನಡೆಸುವ ಲಾಂದ್ರ ಸಂಘದ ಮಂಡಳಿ ಫೆಬ್ರವರಿಯಲ್ಲಿ ಸೇರಿ ತೀರ್ಮಾನ ಮಾಡಿದೆ, ಡಿಸೆಂಬರ್ ಮುಗಿಯುವುದರೊಳಗೆ ಇಲ್ಲಿಯ ವೈದ್ಯರು, ಸೂಲಗಿತ್ತಿಯರು, ಸಾಮಾನು ಎಲ್ಲವೂ "ಇನ್ನೂ ಹೆಚ್ಚು ಅಗತ್ಯವಿರುವ ಕಡೆಗೆ" ಹೋಗುತ್ತವೆ ಎಂದು ಅದರಲ್ಲಿತ್ತು. ಯಾವ ಕಡೆಗೆ ಎಂದು ಕೇಳಿದರೆ ಅವರಿಗೇ ಗೊತ್ತಿಲ್ಲ. ಗೇಟು ಕಾಯುವ ಒಲಿನೋರ್ ಮಾಮ ಮಾತ್ರ ಸುಮ್ಮನಿರಲಿಲ್ಲ. "ಡಾಕ್ಟ್ರೇ, ಆ ಹೆಚ್ಚು ಅಗತ್ಯಕ್ಕೆ ನಮ್ಮೂರಿನ ವಿಳಾಸ ಕೊಡಿ, ಅದೇ ಇಲ್ಲಿಗೆ ಬರ್ಲಿ" ಅಂದ.

ನನಗೆ ನಲವತ್ತೊಂಬತ್ತು. ಹತ್ತೊಂಬತ್ತು ವರ್ಷದಿಂದ ಈ ಒಗೆಯುವ ಕೋಣೆ ನನ್ನದು. ನನ್ನ ಕೈಕೆಳಗೆ ಹತ್ತು ಹೆಂಗಸರಿದ್ದಾರೆ, ಅವರ ಹಿಂದೆ ಹತ್ತು ಮನೆಗಳಿವೆ. ಇಲ್ಲಿ ಬಟ್ಟೆ ಒಗೆದ ಕೈಗೆ ಈ ಊರಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ ಹೇಳು.

ಆ ಮಂಡಳಿಯ ಹನ್ನೆರಡು ಜನರಲ್ಲಿ ನೀನೂ ಒಬ್ಬಳು ಎಂದು ಎಲ್ಲರಿಗೂ ಗೊತ್ತು. "ಮಿಸ್ ಬೆರಿಲ್ ಇದ್ದೂ ಹಿಂಗಾಯ್ತಲ್ಲ" ಅಂದರು ಹುಡುಗಿಯರು. "ಅವಳೊಬ್ಳು ಏನ್ ಮಾಡ್ತಾಳೆ, ಪಾಪ, ಹನ್ನೊಂದು ಗಂಟಲಿನ ಮುಂದೆ" ಅಂದೆ ನಾನು. ಎಷ್ಟು ಜಗಳ ಆಡಿರುತ್ತೀಯೋ, ನೆನೆದರೆ ಮರುಕವಾಗುತ್ತದೆ. ನಾವು ಏನು ಮಾಡಬಹುದು, ತಿಳಿಸು.

ನಿನ್ನ ಕೋಮೆ,
ಇಸ್ಮೆನ್ ದೆಸಿನೋರ್

*

ಲುನೆನ್‌ಬರ್ಗ್, ನೋವಾ ಸ್ಕೋಷಿಯಾ
9 ಏಪ್ರಿಲ್ 1998

ಪ್ರೀತಿಯ ಕೋಮೆ,

ನಿನ್ನ ಪತ್ರ ನಿನ್ನೆ ಸಂಘದ ಟಪಾಲು ಚೀಲದಲ್ಲಿ ಬಂತು. ಓದಿ, ಒಂದು ಸುತ್ತು ಬಂದರಿನ ಕಡೆ ನಡೆದು ಬಂದು, ಮತ್ತೆ ಓದಿದೆ.

ಮಂಡಳಿಯಲ್ಲಿ ಯಾರು ಏನು ಹೇಳಿದರು ಎಂದು ನಡಾವಳಿ ಅಚ್ಚಾಗಿ ಹೊರಬರುವ ತನಕ ನಾವು ಬಾಯಿ ಬಿಡುವಂತಿಲ್ಲ. ಅದು ಕಟ್ಟುನಿಟ್ಟಿನ ನಿಯಮ. ಆದ್ದರಿಂದ ಆ ವಿಷಯ ಬರೆಯುತ್ತಿಲ್ಲ, ಬೇಸರಿಸಬೇಡ.

ಆದರೆ ಇನ್ನೊಂದು ನಿಯಮವನ್ನು ಹೇಳಬಹುದು, ಹೇಳಲೇಬೇಕು. ಸಂಘದಲ್ಲಿ ಒಂದು ವರ್ಷ ದುಡಿದ ಯಾರಿಗಾದರೂ ಒಂದು ಮತವಿದೆ. ಶಸ್ತ್ರವೈದ್ಯನಿಗೂ ಒಂದೇ, ಒಲಿನೋರ್ ಮಾಮನಿಗೂ ಒಂದೇ. ಆ ಮತ ಇದ್ದವರು ಠರಾವು ಬರೆಯಬಹುದು. ನಿಮ್ಮ ಆಸ್ಪತ್ರೆಯವರೆಲ್ಲ ಸೇರುವ ಅಂಗಳದ ಸಭೆ ಒಪ್ಪಿದರೆ ಅದು ಜೂನ್ ತಿಂಗಳಲ್ಲಿ ಮಾಂಟ್ರಿಯಲ್‌ನಲ್ಲಿ ಸೇರುವ ಮಹಾಸಭೆಗೆ ಹೋಗುತ್ತದೆ. ಎಲ್ಲ ದೇಶಗಳಿಂದ ಆರಿಸಿ ಬಂದ ನೂರ ನಲವತ್ತು ಜನ ಅಲ್ಲಿ ಕೂರುತ್ತಾರೆ. ಮಂಡಳಿಯನ್ನು ಆರಿಸುವವರು ಅವರೇ, ಮಂಡಳಿಯ ಕಿವಿ ಹಿಂಡುವವರೂ ಅವರೇ. ಮಹಾಸಭೆ ಹೇಳಿದ್ದನ್ನು ಮಂಡಳಿ ಮಾಡಲೇಬೇಕು.

ಇನ್ನೂ ಒಂದು ಕೇಳು. ಠರಾವನ್ನು ಬರೆದವರ ಮಾತಿನಲ್ಲೇ, ಒಂದಕ್ಷರ ಬಿಡದೆ, ಸಭೆಯಲ್ಲಿ ನಿಂತು ಓದಬೇಕು. ಬೈಗುಳವಿದ್ದರೆ ಬೈಗುಳವನ್ನೂ ಓದಬೇಕು. ಹಾಗಾಗಿ ಯಾರದೋ ಕಚೇರಿ ಭಾಷೆಯಲ್ಲಿ ಬರೆಸಬೇಡ. ನೀನು ಹೇಗೆ ಮಾತಾಡುತ್ತೀಯೋ ಹಾಗೇ ಬರೆಸು. ಮೇ ಕೊನೆಯೊಳಗೆ ತಲುಪಬೇಕು.

ನಾದೆಜ್‌ಗೆ ಒಂದು ಉಣ್ಣೆಯ ಅಂಗಿ ಹೆಣೆದಿದ್ದೇನೆ. ನಿಮ್ಮೂರಿನ ಬಿಸಿಲಿಗೆ ಉಣ್ಣೆ ಯಾಕೆ ಎಂದು ನಗಬೇಡ, ನನಗೆ ಬರುವುದು ಅದೊಂದೇ.

ಬೆರಿಲ್

*

ಪ್ವೆಂತ್ ರೋಜ್
26 ಏಪ್ರಿಲ್ 1998

ಕೋಮೆ,

ಬರೆದಾಯಿತು! ಅದಕ್ಕೆ ಮೂರು ಸಂಜೆ ಬೇಕಾಯಿತು. ನಾನು ಹೇಳುವುದು, ನನ್ನ ಪತ್ರ ಬರೆದುಕೊಡುವ ನಾದೆಜ್‌ಳ ಶಾಲೆಯ ಮಾಸ್ತರು ಬರೆಯುವುದು. ಆತ ಮಧ್ಯೆ ಮಧ್ಯೆ "ಮಾನ್ಯರೇ" ಎಂದು ಸೇರಿಸುತ್ತಿದ್ದ. "ಆ ಮಾನ್ಯರನ್ನ ಅಳಿಸಿ ಮಾಸ್ತರೇ, ನಮ್ಮನ್ನ ಕೇಳ್ದೇ ಇದ್ದೋರು ಯಾವ್ ಮಾನ್ಯರು" ಅಂದೆ. ಅಳಿಸಿದ.

ಅಂಗಳದ ಸಭೆಯಲ್ಲಿ ಓದಿದಾಗ ಎಲ್ಲರೂ ಕೈ ಎತ್ತಿದರು, ಡಾಕ್ಟರ್ ಗುಸ್ತಾವ್ ಕೂಡ. ಅವರ ಕೈ ಸ್ವಲ್ಪ ತಡವಾಗಿ ಮೇಲೆ ಬಂತು, ಆದರೆ ಬಂತು. ಇಗೋ ನಮ್ಮ ಠರಾವು:

"ನಾವು ಪ್ವೆಂತ್ ರೋಜ್ ಆಸ್ಪತ್ರೆಯವರು ಕೇಳುವುದು ಇಷ್ಟು. ಸಂಘದ ಯಾವ ಆಸ್ಪತ್ರೆಯನ್ನೂ, ಈಗಾಗಲೇ ತೀರ್ಮಾನವಾಗಿರುವ ನಮ್ಮದೂ ಸೇರಿ, ಅಲ್ಲಿ ದುಡಿಯುವವರನ್ನು ಕೇಳದೆ ಮುಚ್ಚಬಾರದು. ತೀರ್ಮಾನ ಮಾಡಿದವರು ಮೊದಲು ಬಂದು ನಮ್ಮ ಮುಖ ನೋಡಿ ಕಾರಣ ಹೇಳಬೇಕು. ಆಮೇಲೆ ನಮ್ಮ ಮತ ತೆಗೆದುಕೊಳ್ಳಬೇಕು. ಆ ಮತ ಏನು ಹೇಳುತ್ತದೋ ಅದೇ ನಡೆಯಬೇಕು. ಹನ್ನೆರಡು ಜನ ದೂರದಲ್ಲಿ ಒಂದು ಮೇಜಿನ ಸುತ್ತ ಕೂತು ನಮ್ಮ ಹಣೆಬರಹ ಬರೆದರು. ಅವರಲ್ಲಿ ಒಬ್ಬರಾದರೂ ನಮ್ಮ ರಕ್ತದ ಚಾದರ ಹಿಂಡಿದ್ದಾರೆಯೇ? ಹಿಂಡಿದ ಕೈ ಹೀಗೆ ಮಾಡುತ್ತಿರಲಿಲ್ಲ."

ಕೊನೆಯ ಸಾಲಿಗೆ ಬೇಜಾರು ಮಾಡಿಕೊಳ್ಳಬೇಡ. ಚಂಡಮಾರುತದ ವಾರದಲ್ಲಿ ನೀನು ನನ್ನ ಎದುರು ನಿಂತು ಚಾದರದ ಇನ್ನೊಂದು ತುದಿ ಹಿಡಿದು ಹಿಂಡಿದ್ದು ನನಗೆ ನೆನಪಿದೆ. ಆ ಸಾಲು ಉಳಿದ ಹನ್ನೊಂದು ಜನರಿಗೆ. ಅದಕ್ಕೇ ಇದನ್ನು ಸಭೆಯಲ್ಲಿ ನೀನೇ ಓದಬೇಕು. ಬೇರೆ ಯಾರ ಬಾಯಲ್ಲೂ ಬೇಡ.

ಇಸ್ಮೆನ್

*

ಮಾಂಟ್ರಿಯಲ್
15 ಜೂನ್ 1998

ಕೋಮೆ,

ಸಭೆ ನಿನ್ನೆ ಮುಗಿಯಿತು. ನಿನಗೆ ಫಲಿತಾಂಶ ಗೊತ್ತಿದೆ. ಆದರೆ ಈ ಕಡೆ ಏನಾಯಿತು ಎಂಬುದು ಗೊತ್ತಿಲ್ಲ. ಎಪ್ಪತ್ತು ಮುಟ್ಟುತ್ತಿರುವ ನಾನು ಇಂಥದ್ದನ್ನು ಹಿಂದೆಂದೂ ನೋಡಿಲ್ಲ.

ಸಭೆ ನಡೆದದ್ದು ಒಂದು ಶಾಲೆಯ ಆಟದ ಹಾಲಿನಲ್ಲಿ. ಮಡಚುವ ಕುರ್ಚಿಗಳು, ನೆಲದ ಮೇಲೆ ಬ್ಯಾಸ್ಕೆಟ್‌ಬಾಲಿನ ಗೆರೆಗಳು. ನಿನ್ನದು ಏಳನೆಯ ಠರಾವು. ನಾನು ಎದ್ದು ನಿಂತು ಓದಿದೆ. "ಹಿಂಡಿದ ಕೈ ಹೀಗೆ ಮಾಡುತ್ತಿರಲಿಲ್ಲ" ಎಂಬಲ್ಲಿಗೆ ಬಂದಾಗ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಜನ ಅದನ್ನು ಬೇರೆ ರೀತಿ ತಿಳಿದುಕೊಂಡು ಚಪ್ಪಾಳೆ ತಟ್ಟಿದರು. ನಾನು ಕೂತುಬಿಟ್ಟೆ.

ಆಮೇಲೆ ಸ್ವೀಡನ್ನಿನ ಒಬ್ಬ ಶಸ್ತ್ರವೈದ್ಯ ಎದ್ದ. ಎತ್ತರದ ಮನುಷ್ಯ, ಮೆಲುದನಿ. "ಗೇಟಿನ ಒಳಗಿರೋರಿಗೆ ಮತ ಇದೆ, ಸರಿ. ಗೇಟಿನ ತನಕ ಬರೋಕೇ ಆಗ್ದೇ ಇರೋರಿಗೆ ಯಾರು ಮತ ಕೊಡ್ತಾರೆ? ತನ್ನ ಕೆಲ್ಸದ ಜಾಗ ಮುಚ್ಚಿ ಅಂತ ಯಾರಾದ್ರೂ ಕೈ ಎತ್ತಿದ್ದು ನೋಡಿದೀರಾ?" ಎಂದ. ಮೊಜಾಂಬಿಕ್‌ನ ಒಬ್ಬ ಡ್ರೈವರ್ ಎದ್ದು, "ಕೇಳೇ ಇಲ್ಲ ಅಂದ್ಮೇಲೆ ನಾವು ಎತ್ತಲ್ಲ ಅಂತ ನಿಮಗೆ ಹೇಗೆ ಗೊತ್ತು ಡಾಕ್ಟ್ರೇ?" ಎಂದ. ಕೊನೆಗೆ ಶಸ್ತ್ರವೈದ್ಯ ಒಂದು ತಿದ್ದುಪಡಿ ತಂದ. ಮತ ಹಾಕುವ ಮೊದಲು, ಆಸ್ಪತ್ರೆ ಎಲ್ಲಿಗೆ ಹೋಗಲಿದೆಯೋ ಆ ಊರಿನವರೊಬ್ಬರು ಬಂದು ಅದೇ ಅಂಗಳದಲ್ಲಿ ಮಾತಾಡಬೇಕು, ಅಷ್ಟು ಸೇರಿಸಿದರೆ ತಾನು ಒಪ್ಪುತ್ತೇನೆ ಎಂದ.

ನಮ್ಮ ನಿಯಮದ ಪ್ರಕಾರ ತಿದ್ದುಪಡಿಗೆ ಒಪ್ಪಬೇಕಾದವರು ಠರಾವು ಬರೆದವರು ಮಾತ್ರ. ಓದಿದವರಲ್ಲ, ಅಧ್ಯಕ್ಷರಲ್ಲ. ಬರೆದವಳು ಎಲ್ಲಿದ್ದಾಳೆ? ಹೈಟಿಯಲ್ಲಿ. ಯಾರೋ "ಓದಿದವರೇ ಒಪ್ಪಲಿ, ಹೊತ್ತಾಯ್ತು, ಊಟ ತಣ್ಣಗಾಗ್ತಿದೆ" ಎಂದರು. ಅಧ್ಯಕ್ಷೆ, ಮೂವತ್ತು ವರ್ಷ ಯುದ್ಧಭೂಮಿಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ಹೆಂಗಸು, ಸುತ್ತಿಗೆಯನ್ನು ಮೇಜಿನ ಮೇಲಿಟ್ಟು, "ಮಾದಾಮ್ ದೆಸಿನೋರ್ ಬರೋ ತನಕ ಸಭೆ ಕಾಯುತ್ತೆ" ಎಂದಳು.

ಕಾದೆವು, ಕೋಮೆ. ಪೋರ್ಟ್-ಔ-ಪ್ರಿನ್ಸ್ ಕಚೇರಿಗೆ ಫೋನು ಹೋಯಿತು. ಅಲ್ಲಿಯವರು ನಿಮ್ಮ ಆಸ್ಪತ್ರೆಯನ್ನು ವೈರ್‌ಲೆಸ್ಸಿನಲ್ಲಿ ಹಿಡಿದು, ಫೋನನ್ನು ಅದರ ಮುಂದೆ ಹಿಡಿದರು. ನಲವತ್ತು ನಿಮಿಷ. ನಲವತ್ತಕ್ಕೂ ಹೆಚ್ಚು ದೇಶದ ಜನ, ಯುದ್ಧ, ಕಾಲರಾ, ಭೂಕಂಪ ಕಂಡವರು, ಒಬ್ಬರೂ ಎದ್ದು ಹೋಗಲಿಲ್ಲ. ಅಧ್ಯಕ್ಷೆ ಕೂರಲೂ ಇಲ್ಲ. ಧ್ವನಿವರ್ಧಕದಲ್ಲಿ ಬರೀ ಗರಗರ. ಆಮೇಲೆ ಒಂದು ಹುಂಜ ಕೂಗಿತು. ಆಮೇಲೆ ನೀನು: "ಯಾರದು? ಬೇಗ ಹೇಳಿ, ಒಲೆ ಮೇಲೆ ಚಾದರ ಕುದೀತಿದೆ!"

ಇಡೀ ಸಭೆ ನಕ್ಕಿತು. ನಾನು ಅತ್ತೆ. ಅಧ್ಯಕ್ಷೆ ಮಾತ್ರ ನಗಲಿಲ್ಲ. "ಮಾದಾಮ್ ದೆಸಿನೋರ್, ನಿಮ್ಮ ಒಪ್ಪಿಗೆ ಇಲ್ದೆ ನಿಮ್ಮ ಠರಾವಿಗೆ ಒಂದಕ್ಷರ ಸೇರ್ಸೋ ಅಧಿಕಾರ ನಮಗಿಲ್ಲ" ಎಂದಳು. ಆ ವಾಕ್ಯ ಕೇಳಿದಾಗ ನನ್ನ ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಸಂಘ, ಇಷ್ಟು ಜೀಪು, ವಿಮಾನ, ವೈದ್ಯರು, ಎಲ್ಲವೂ ಉಸಿರು ಹಿಡಿದು ನಿನ್ನ ಹೂಂ-ಉಹೂಂಗೆ ಕಾಯುತ್ತಿತ್ತು. ನೀನು ಹೂಂ ಅಂದೆ. ಮತದ ಹಳದಿ ಚೀಟಿಗಳು ಮೇಲೆದ್ದವು. ಪರ ಎಪ್ಪತ್ತೊಂದು, ವಿರುದ್ಧ ಅರವತ್ತಾರು, ತಟಸ್ಥರು ಮೂವರು. ನನ್ನ ಚೀಟಿ ಪರವಾಗಿತ್ತು. ಅಷ್ಟನ್ನು ಹೇಳಬಹುದು.

ಬೆರಿಲ್

*

ಪ್ವೆಂತ್ ರೋಜ್
28 ಜೂನ್ 1998

ಕೋಮೆ, ನನ್ನ ಬಂಗಾರ ಕೋಮೆ,

ನಿನ್ನ ಪತ್ರವನ್ನು ಮಾಸ್ತರು ಅಂಗಳದಲ್ಲಿ ಎಲ್ಲರಿಗೂ ಕೇಳುವಂತೆ ಓದಿದರು. ಅಧ್ಯಕ್ಷೆಯ ಮಾತು ಬಂದಾಗ ಮತ್ತೆ ಓದಿ ಅಂದರು, ಮತ್ತೆ ಓದಿದರು. ಮೂರು ಸಲ ಆಯಿತು.

ಈ ಕಡೆಯದನ್ನೂ ಕೇಳು. ನಾನು ಮೊಣಕೈ ತನಕ ಸಾಬೂನಿನಲ್ಲಿದ್ದೆ. ಒಲಿನೋರ್ ಮಾಮ ಓಡಿ ಬಂದ. ಆ ಮನುಷ್ಯ ಓಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. "ಇಸ್ಮೆನ್, ಬೇಗ ಬಾರೇ, ಪ್ರಪಂಚ ನಿನ್ನ ಕರೀತಿದೆ!" ಅಂದ. "ಪ್ರಪಂಚಕ್ಕೆ ಕಾಯಕ್ಕೆ ಹೇಳು, ಇದನ್ನ ಇಳಿಸ್ಬೇಕು" ಅಂದೆ. ನಿಜವಾಗಿ ಕಾದಿರುತ್ತೀರಿ ಎಂದು ನನಗೇನು ಗೊತ್ತು! ಕೈ ಒರೆಸಿಕೊಳ್ಳದೆ ವೈರ್‌ಲೆಸ್ ಹಿಡಿದೆ, ಅದಕ್ಕೆ ಈಗಲೂ ಸಾಬೂನಿನ ವಾಸನೆ ಇದೆಯಂತೆ.

ಆ ಡಾಕ್ಟರು ಕೇಳಿದ್ದಕ್ಕೆ ಯಾಕೆ ಒಪ್ಪಿದೆ ಎಂದು ಹುಡುಗಿಯರು ಕೇಳಿದರು. "ಬರ್ಲಿ ಬಿಡ್ರೇ. ಬಂದೋರಿಗೆ ಕುರ್ಚಿ ಹಾಕ್ದೇ ಇರೋ ಮನೇನಾ ನಮ್ದು? ಕಾಫಿ ಕೊಟ್ಟು ಕಳಿಸೋಣ" ಅಂದೆ. ಅಷ್ಟೇ ತಾನೆ. ಯಾರೋ ಒಬ್ಬ ಊರ ಗೌಡನನ್ನು ಕಳಿಸುತ್ತಾರೆ, ಎರಡು ಮಾತಾಡುತ್ತಾನೆ. ಮತ ನಮ್ಮದು, ಅರವತ್ತನಾಲ್ಕು ಮತ. ಆಸ್ಪತ್ರೆ ಉಳಿದ ಹಾಗೇ.

ಹತ್ತೊಂಬತ್ತು ವರ್ಷ ಸಂಘದ ಬಟ್ಟೆ ಒಗೆದೆ. ಸಂಘ ಎಂದರೆ ಆ ಜೀಪಿನ ಬಾಗಿಲ ಮೇಲಿನ ಲಾಂದ್ರದ ಚಿತ್ರ ಅಂದುಕೊಂಡಿದ್ದೆ. ಅದರೊಳಗೆ ನನ್ನ ಧ್ವನಿ ಹೋಗಿ ಕೂರುತ್ತದೆ ಎಂದು ಯಾರು ಕನಸು ಕಂಡಿದ್ದರು! ರಸ್ತೆಯಲ್ಲಿ ಹೋಗುವಾಗ ನನಗೆ ನಾನೇ ಸ್ವಲ್ಪ ಎತ್ತರ ಆದಂತೆ ಅನ್ನಿಸುತ್ತದೆ. ನಾದೆಜ್ ಕೇಳುತ್ತಾಳೆ, "ಅಮ್ಮ, ನೀನೀಗ ಮಂತ್ರಿನಾ?"

ಇದೆಲ್ಲ ನಿನ್ನಿಂದ. ಆ ಮಂಡಳಿಯಲ್ಲಿ ಒಬ್ಬಳೇ ಕೂತು ನಮ್ಮ ಪರ ನಿಂತವಳು ನೀನು. ಚರ್ಚಿನಲ್ಲಿ ನಿನ್ನ ಹೆಸರಲ್ಲಿ ಮೇಣದಬತ್ತಿ ಹಚ್ಚಿದ್ದೇನೆ.

ಇಸ್ಮೆನ್

*

ಲುನೆನ್‌ಬರ್ಗ್
20 ಜುಲೈ 1998

ಕೋಮೆ,

ಇಲ್ಲಿ ವಾರದಿಂದ ಮಂಜು. ಎದುರು ಮನೆ ಕಾಣುವುದಿಲ್ಲ. ನನ್ನ ತಮ್ಮ ಹೆರಿಂಗ್ ಮೀನು ತಂದುಕೊಟ್ಟ, ಈರುಳ್ಳಿ ಹಾಕಿ ಉಪ್ಪಿನಲ್ಲಿಟ್ಟೆ.

ಮೇಣದಬತ್ತಿ ಹಚ್ಚಬೇಡ, ದಯವಿಟ್ಟು. ನಿನಗೆ ಒಂದು ವಿಷಯ ಹೇಳುವುದಿದೆ. ನಾಲ್ಕು ಸಲ ಬರೆದು ಹರಿದೆ. ನಿಯಮ ಅಡ್ಡ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅಡ್ಡ ಬರುವುದು ನಿಯಮವೊಂದೇ ಅಲ್ಲ.

ನಾದೆಜ್‌ಗೆ ಮುತ್ತು.

ಬೆರಿಲ್

*

ಪ್ವೆಂತ್ ರೋಜ್
3 ಸೆಪ್ಟೆಂಬರ್ 1998

ಮಾದಾಮ್ ಬೆರಿಲ್ ಝ್ವಿಕರ್ ಅವರಿಗೆ,

ಮಂಡಳಿಯ ಫೆಬ್ರವರಿ ಸಭೆಯ ನಡಾವಳಿ ಬಂದಿದೆ. ಡಾಕ್ಟರ್ ಗುಸ್ತಾವ್ ಅದನ್ನು ಗೋಡೆಗೆ ಅಂಟಿಸಿದ್ದಾರೆ. ಪ್ವೆಂತ್ ರೋಜ್ ಮುಚ್ಚಲು ಪರ ಒಂಬತ್ತು ಜನ, ವಿರುದ್ಧ ಮೂವರು. ಪರ ಇದ್ದವರ ಹೆಸರುಗಳಲ್ಲಿ ನಿಮ್ಮದು ಕೊನೆಯದು. ನಾದೆಜ್ ಬೆರಳಿಟ್ಟು ಓದಿ, "ಅಮ್ಮ, ಇದು ನನ್ನ ಧರ್ಮತಾಯಿ ಹೆಸ್ರು" ಎಂದಳು. ಎಲ್ಲರೂ ನನ್ನನ್ನೇ ನೋಡಿದರು.

ನಮ್ಮ ಠರಾವನ್ನು ಓದುವಾಗ ಕನ್ನಡಕ ಒರೆಸಿಕೊಂಡೆ ಎಂದಿದ್ದಿರಿ. ಈಗ ಅರ್ಥವಾಯಿತು.

ನಿಮ್ಮ ಉಣ್ಣೆಯ ಅಂಗಿ ನಾದೆಜ್‌ಗೆ ಚಿಕ್ಕದಾಗುತ್ತದೆ. ವಾಪಸು ಕಳಿಸಿದ್ದೇನೆ.

ಇಸ್ಮೆನ್ ದೆಸಿನೋರ್
ಒಗೆಯುವ ಕೋಣೆಯ ಮೇಲ್ವಿಚಾರಕಿ

*

ಲುನೆನ್‌ಬರ್ಗ್
21 ಸೆಪ್ಟೆಂಬರ್ 1998

ಇಸ್ಮೆನ್,

ಕೋಮೆ ಎಂದು ಬರೆಯುವ ಹಕ್ಕು ಇನ್ನು ಇದೆಯೋ ಇಲ್ಲವೋ ಗೊತ್ತಿಲ್ಲ. ಅಂಗಿ ಬಂತು.

ಹೌದು, ನಾನು ಕೈ ಎತ್ತಿದೆ. ಈಗ ಪೂರ್ತಿ ಹೇಳುತ್ತೇನೆ.

ಜನವರಿಯಲ್ಲಿ ಮಂಡಳಿ ನನ್ನನ್ನು ಹೈಟಿಗೆ ಕಳಿಸಿತ್ತು. ನಿನಗೆ ತಿಳಿಸಲಿಲ್ಲ. ಬೆಟ್ಟದ ಮೇಲಿನ ಮೋರ್ನ್ ಲೆವಾಂ ಎಂಬ ಊರಿಗೆ ಹೆಲಿಕಾಪ್ಟರಿನಲ್ಲಿ ಹೋದೆ. ಅಲ್ಲಿಗೆ ರಸ್ತೆಯಿಲ್ಲ. ಅಲ್ಲಿದ್ದ ಮೂರು ದಿನಗಳಲ್ಲಿ, ಒಬ್ಬ ಹೆಂಗಸನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ನಾಲ್ಕು ಜನ ಹೊತ್ತು ತಂದರು. ನಾನು ಸೂಲಗಿತ್ತಿ ಎಂದು ಯಾರೋ ಹೇಳಿದ್ದರಂತೆ. ನನ್ನ ಹತ್ತಿರ ಒಂದು ಪೆನ್ನು ಮತ್ತು ವರದಿಯ ಪುಸ್ತಕ ಇತ್ತು. ನನ್ನ ಕಣ್ಣೆದುರೇ ಹೋದಳು, ಮಗುವೂ ಹೋಯಿತು. ಇಪ್ಪತ್ತೆರಡು ವಯಸ್ಸು.

ವಾಪಸು ಬರುವಾಗ ಪ್ವೆಂತ್ ರೋಜ್ ಮೇಲೆ ಹಾರಿ ಬಂದೆವು. ಹಗ್ಗದ ಮೇಲೆ ನಿನ್ನ ಚಾದರಗಳು ಕಂಡವು, ಸಾಲು ಸಾಲು. ಪೈಲಟ್ "ಇಳಿಸ್ಲಾ, ನಿಮಗೆ ಪರಿಚಯದ ಜಾಗ ಅಲ್ವಾ?" ಎಂದ. ಬೇಡ ಎಂದೆ. ಕೆಳಗಿಳಿದು ನಿನ್ನ ಮುಖ ನೋಡಿದರೆ ಕೈ ಎತ್ತಲು ಆಗುತ್ತಿರಲಿಲ್ಲ. ಅದಕ್ಕೇ ಇಳಿಯಲಿಲ್ಲ.

ಒಂದು ತಂಡ ಸೂಲಗಿತ್ತಿಯರು, ಒಂದು ಶಸ್ತ್ರಚಿಕಿತ್ಸೆಯ ಕೋಣೆ, ಇಷ್ಟೇ ನಮ್ಮ ಹತ್ತಿರ ಇರುವುದು. ನಿಮಗೆ ಹೊಸ ರಸ್ತೆ ಬಂದಿದೆ, ಅರ್ಧ ಗಂಟೆಯಲ್ಲಿ ಸರ್ಕಾರಿ ಆಸ್ಪತ್ರೆಗೆ ತಲುಪಬಹುದು. ಅದು ಚೆನ್ನಾಗಿಲ್ಲ, ಗೊತ್ತು. ಮೋರ್ನ್ ಲೆವಾಂಗೆ ಅದೂ ಇಲ್ಲ.

ನಾನು ಕೈ ಎತ್ತಿದ್ದು ತಪ್ಪು ಎಂದು ಬರೆಯಲಾರೆ. ನಿನ್ನನ್ನು ಕೇಳದೆ ಎತ್ತಿದ್ದು ತಪ್ಪು. ನೀನು ನನಗಾಗಿ ಮರುಗುತ್ತಿದ್ದಾಗ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ನಿನ್ನ ಠರಾವನ್ನು ಬಾಯಾರೆ ಓದಿದಾಗ ಅದು ನನಗೇ ಬರೆದ ಹಾಗಿತ್ತು. ಅದಕ್ಕೇ ಪರವಾಗಿ ಮತ ಹಾಕಿದೆ.

ಬೆರಿಲ್

*

ಲುನೆನ್‌ಬರ್ಗ್
30 ಅಕ್ಟೋಬರ್ 1998

ಇಸ್ಮೆನ್,

ನಿನ್ನಿಂದ ಉತ್ತರವಿಲ್ಲ. ನಾನು ಕೇಳುತ್ತಲೂ ಇಲ್ಲ. ಇದು ಬರೀ ಸುದ್ದಿ.

ನವೆಂಬರ್ 28ಕ್ಕೆ ನಿಮ್ಮ ಅಂಗಳದ ಸಭೆ. ಮಂಡಳಿಯ ಪರವಾಗಿ ಉತ್ತರ ಹೇಳಲು ಮೆಕ್ಸಿಕೋದ ಡಾಕ್ಟರ್ ಉರಿಬೆ ಬರುತ್ತಾರೆ. ನಾನು ಬರುತ್ತೇನೆಂದು ಕೇಳಿದೆ. ಠರಾವು ಬರೆದವರ ಜೊತೆ ನಂಟು ಇರುವವರು ಆ ಕೆಲಸಕ್ಕೆ ಹೋಗುವಂತಿಲ್ಲವಂತೆ. ಯಾವ ನಂಟು ಎಂದು ಕಾರ್ಯದರ್ಶಿ ಕೇಳಿದ. "ನಾವು ಕೋಮೆಗಳು" ಎಂದೆ. ಅದನ್ನು ಹಾಗೇ ಬರೆದುಕೊಂಡ.

ಮೋರ್ನ್ ಲೆವಾಂನಿಂದ ಕ್ಲೆರ್ವಿಲ್ಯಾ ಎಂಬಾಕೆ ಬರುತ್ತಾಳೆ. ಆ ಊರಿನ ಸೂಲಗಿತ್ತಿ.

ಬೆರಿಲ್

*

ಪ್ವೆಂತ್ ರೋಜ್
29 ನವೆಂಬರ್ 1998

ಕೋಮೆ,

ಇದನ್ನು ಬೇರೆ ಯಾರಿಗಾದರೂ ಬರೆಯೋಣ ಎಂದುಕೊಂಡೆ. ಅರ್ಥವಾಗುವವರು ಬೇರೆ ಯಾರೂ ಇಲ್ಲ.

ನಿನ್ನೆ ಬೆಳಿಗ್ಗೆ ನಾವು ಅರವತ್ತನಾಲ್ಕು ಜನ ಮಾವಿನ ಮರದ ಕೆಳಗೆ ಕೂತಿದ್ದೆವು. ಡಾಕ್ಟರ್ ಗುಸ್ತಾವ್ ಬೆಂಚಿನ ಒಂದು ತುದಿ, ಒಲಿನೋರ್ ಮಾಮ ಇನ್ನೊಂದು ತುದಿ. ನಿಮ್ಮ ಉರಿಬೆ ಒಳ್ಳೆಯ ಮನುಷ್ಯ. ಎದ್ದು ನಿಂತು, ಟೋಪಿ ತೆಗೆದು, ಮೊದಲು "ನಿಮ್ಮನ್ನ ಕೇಳ್ದೆ ತೀರ್ಮಾನ ಮಾಡಿದ್ವಿ, ಅದು ತಪ್ಪಾಯ್ತು" ಎಂದರು. ಅಷ್ಟು ದೂರದಿಂದ ಬಂದ ದೊಡ್ಡ ಮನುಷ್ಯ ನಮ್ಮ ಅಡುಗೆಯವಳ ಮುಂದೆ ತಪ್ಪಾಯ್ತು ಎನ್ನುವುದನ್ನು ಇದೇ ಮೊದಲ ಸಲ ಕೇಳಿದೆವು. ನಾನು ನಾಲ್ಕು ಪುಟದ ಭಾಷಣ ಬರೆಸಿ ಇಟ್ಟುಕೊಂಡಿದ್ದೆ. ಅದರಲ್ಲಿ ನಿನಗೂ ಸರಿಯಾಗಿ ಬಿದ್ದಿತ್ತು.

ಆಗ ಗೇಟಿನಲ್ಲಿ "ಒನೇ!" ಎಂದು ಕೂಗು ಕೇಳಿತು. ಹೊಸಿಲಿಗೆ ಬಂದವರು ಗೌರವ ಕೂಗಿದರೆ ಉತ್ತರ ಕೊಡದೆ ಇರಲಾಗುತ್ತದೆಯೇ? ಅರವತ್ತನಾಲ್ಕು ಜನವೂ "ರೆಸ್ಪೆ!" ಎಂದೆವು. ಕ್ಲೆರ್ವಿಲ್ಯಾ ಒಳಗೆ ಬಂದಳು. ನನ್ನಷ್ಟೇ ವಯಸ್ಸು, ಒಣಗಿದ ಮೈ, ಎರಡು ದಿನ ನಡೆದು ಬಂದ ಕಾಲು. ಕುರ್ಚಿ ಹಾಕಿದೆ, ಕಾಫಿ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು ಎದ್ದು ನಿಂತಳು.

"ನಾನು ಬೇಡೋಕ್ ಬಂದಿಲ್ಲ. ಬಾ ಅಂದ್ರು, ಬಂದೆ" ಎಂದಳು. ಆಮೇಲೆ ಈ ವರ್ಷ ಅವಳ ಕೈಯಲ್ಲೇ ಹೋದವರ ಹೆಸರು ಹೇಳಿದಳು, ಬರೀ ಹೆಸರು ಮತ್ತು ಯಾರ ಮಗಳು ಎಂದು. ಹನ್ನೊಂದು ಹೆಸರು. ಅವಳು ಅಳಲಿಲ್ಲ. ದನಿ ಏರಲಿಲ್ಲ.

ನನಗೆ ಸಿಟ್ಟು ಬಂತು, ಕೋಮೆ, ಸುಳ್ಳು ಹೇಳುವುದಿಲ್ಲ. ಎದ್ದು ಕೇಳಿದೆ, "ಇಲ್ಲಿಗ್ಯಾಕೆ ತರ್ಲಿಲ್ಲ? ನಾವಿರ್ಲಿಲ್ವಾ?"

"ತಂದ್ವಿ ತಾಯಿ" ಎಂದಳು. "ಇಬ್ರನ್ನ ತಂದ್ವಿ. ಒಬ್ಳು ದಾರೀಲೇ ಹೋದ್ಲು. ಇನ್ನೊಬ್ಳು ನಿಮ್ಮ ಗೇಟಿನ ತನಕ ಇದ್ಲು. ನನ್ನ ಸೊಸೆ. ನೀವೇನೂ ಮಾಡೋ ಹಂಗಿರ್ಲಿಲ್ಲ, ಹೊತ್ತು ಮೀರಿತ್ತು. ಚಾದರ ಸುತ್ತಿ ವಾಪಸ್ ಕೊಟ್ರಿ. ಬಿಳೀ ಚಾದರ. ಅಷ್ಟು ಬಿಳೀ ಬಟ್ಟೆ ನಮ್ಮೂರಲ್ಲಿ ಯಾರೂ ನೋಡಿರ್ಲಿಲ್ಲ. ಹೂಳೋ ಮುಂಚೆ ಹೆಂಗಸ್ರೆಲ್ಲಾ ಬಂದು ಮುಟ್ಟಿ ನೋಡಿದ್ರು. ಯಾರು ಒಗ್ದಿದ್ರೋ, ಅವ್ಳಿಗೆ ಒಳ್ಳೇದಾಗ್ಲಿ ಅಂದ್ರು."

ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ.

ನಾಲ್ಕು ಪುಟ ಕೈಯಲ್ಲೇ ಉಳಿಯಿತು. ಉರಿಬೆ ಮತಕ್ಕೆ ಕರೆದರು. ಠರಾವು ಬರೆದವರ ಮತ ಮೊದಲು ಎನ್ನುವುದು ನಿಯಮವಂತೆ. ಆಸ್ಪತ್ರೆ ಬೆಟ್ಟಕ್ಕೆ ಹೋಗಲಿ ಎನ್ನುವವರು ಕೈ ಎತ್ತಿ ಎಂದರು. ಎಲ್ಲರ ಕಣ್ಣು ನನ್ನ ಮೇಲೆ. ನನ್ನ ಹತ್ತು ಹೆಂಗಸರು ನನ್ನ ಬೆನ್ನ ಹಿಂದೇ ಕೂತಿದ್ದರು, ಅವರ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಒಂದು ಕೈ ಅಷ್ಟು ಭಾರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನೀರು ತುಂಬಿದ ಹಂಡೆ ಎತ್ತಿದ್ದೇನೆ, ಇಷ್ಟು ಭಾರ ಇರಲಿಲ್ಲ.

ಎತ್ತಿದೆ.

ಪರ ಮೂವತ್ತೇಳು, ವಿರುದ್ಧ ಇಪ್ಪತ್ತಾರು. ಡಾಕ್ಟರ್ ಗುಸ್ತಾವ್ ಯಾವ ಕಡೆಗೂ ಎತ್ತಲಿಲ್ಲ. ನನ್ನ ಹತ್ತು ಜನರಲ್ಲಿ ಏಳು ಜನ ವಿರುದ್ಧ. ರೋಸ್ಮಿತ್ ನನ್ನ ಕಾಲ ಬಳಿ ಉಗಿದು ಎದ್ದು ಹೋದಳು. ಅವಳಿಗೆ ಮೂರು ಮಕ್ಕಳು, ಉಗಿಯುವ ಹಕ್ಕು ಅವಳಿಗಿದೆ. ಸರ್ಕಾರಿ ಆಸ್ಪತ್ರೆಗೆ ಅವಳನ್ನಾದರೂ ಸೇರಿಸಲು ಇವತ್ತೇ ಓಡಾಟ ಶುರು ಮಾಡಿದ್ದೇನೆ. ಜನವರಿಯಿಂದ ನನಗೂ ಕೆಲಸವಿಲ್ಲ.

ನೀನು ಮಾಡಿದ್ದನ್ನೇ ನಾನೂ ಮಾಡಿದೆ. ಅದಕ್ಕೆ ಕ್ಷಮಿಸಿಬಿಟ್ಟೆ ಎಂದುಕೊಳ್ಳಬೇಡ. ಹೆಲಿಕಾಪ್ಟರಿನಿಂದ ಇಳಿಯಬೇಕಿತ್ತು ನೀನು. ಇಳಿದು, ಆ ಹುಡುಗಿಯ ಕಥೆ ಹೇಳಿ, ಕೋಮೆ ಏನು ಮಾಡೋಣ ಎಂದು ಕೇಳಬೇಕಿತ್ತು. ಎರಡು ದಿನ ಜಗಳ ಆಡುತ್ತಿದ್ದೆ. ಮೂರನೆಯ ದಿನ ಏನು ಹೇಳುತ್ತಿದ್ದೆನೋ ಈಗ ಇಬ್ಬರಿಗೂ ಗೊತ್ತು. ಅಂಗಿ ಮತ್ತೆ ಕಳಿಸು, ಈಗ ಸ್ವಲ್ಪ ದೊಡ್ಡದು ಹೆಣೆ.

ಸಭೆ ಮುಗಿದ ಮೇಲೆ ಕ್ಲೆರ್ವಿಲ್ಯಾ ನನ್ನ ಹತ್ತಿರ ಬಂದಳು. ಉಪಕಾರ ಎನ್ನುತ್ತಾಳೆ ಎಂದುಕೊಂಡೆ. ಅನ್ನಲಿಲ್ಲ. "ಆಸ್ಪತ್ರೆ ಬಂದ್ಮೇಲೆ ಬಟ್ಟೆ ಒಗಿಯೋರು ನಮ್ಮೋರೇ ಅಂತೆ. ನಮಗೆ ಬರಲ್ಲ. ರಕ್ತ ಹೋಗಕ್ಕೆ ಎಷ್ಟ್ ಹೊತ್ತು ಕುದಿಸ್ಬೇಕು?" ಎಂದಳು.

ಒಗೆಯುವ ಕೋಣೆಗೆ ಕರೆದುಕೊಂಡು ಹೋದೆ. ಮೊದಲು ತಣ್ಣೀರು, ಆಮೇಲೆ ಸಾಬೂನು, ಆಮೇಲೆ ಕುದಿಸುವುದು, ಎಲ್ಲ ತೋರಿಸಿದೆ. ಎರಡು ಸಲ ತಪ್ಪು ಮಾಡಿದಳು, ಎರಡು ಸಲವೂ ಚೆನ್ನಾಗಿ ಬೈದೆ. ಮೂರನೆಯ ಸಲ ಚಾದರದ ಒಂದು ತುದಿ ಅವಳ ಕೈಗೆ ಕೊಟ್ಟು, ಇನ್ನೊಂದು ತುದಿ ನಾನು ಹಿಡಿದುಕೊಂಡು, "ಹಿಂಡು" ಅಂದೆ.

ಇಸ್ಮೆನ್